ರೊಟ್ಟಿಗೆ ಬ್ಯಾಳಿ ಯಾಕೆ ಬೇಕು?

ತೊಗರಿ ತುಟ್ಟಿಯಾದ ತಿಂಗಳು ನಮ್ಮ ಮನೆಯಲ್ಲಿ ಬ್ಯಾಳಿಯ ಪಾತ್ರೆ ಎಂದಿನಷ್ಟೇ ತುಂಬಿರುತ್ತಿತ್ತು. ಅವ್ವ ಸೌಟು ತಳಕ್ಕೆ ಇಳಿಸಿ ಎತ್ತಿದರೆ ಬರೀ ಅರಿಶಿನದ ನೀರು. ಜೋಳದ ರೊಟ್ಟಿಗೆ ಕೊರತೆ ಇರಲಿಲ್ಲ, ಹೊಟ್ಟೆ ತುಂಬುತ್ತಿತ್ತು. ಆದರೆ ಆ ಊಟದಲ್ಲಿ ಲೈಸಿನ್ ಕಡಿಮೆ ಬೀಳುತ್ತಿತ್ತು.

ಪ್ರೋಟೀನ್ ಕಟ್ಟಲು ದೇಹಕ್ಕೆ 20 ಬಗೆಯ ಅಮೈನೊ ಆಮ್ಲ ಬೇಕು. ಅವುಗಳಲ್ಲಿ 9 ಊಟದಿಂದಲೇ ಬರಬೇಕು, ಲೈಸಿನ್ ಅಂಥದ್ದೊಂದು. ಮೂಳೆ, ಚರ್ಮಗಳಲ್ಲಿರುವ ಕೊಲಾಜನ್ ಎಳೆಗಳು ಒಂದಕ್ಕೊಂದು ಬಿಗಿದುಕೊಳ್ಳುವುದು ಲೈಸಿನ್ ಇರುವ ಜಾಗದಲ್ಲೇ. ಅದೊಂದು ಕಡಿಮೆಯಾದರೆ ಉಳಿದವು ಎಷ್ಟಿದ್ದರೂ ಕಟ್ಟುವ ಕೆಲಸ ಕುಂಟುತ್ತದೆ.

1889ರಲ್ಲಿ ಜರ್ಮನಿಯ ಎಡ್ಮಂಡ್ ಡ್ರೆಕ್ಸೆಲ್ ಹಾಲಿನ ಕೇಸಿನ್‌ನಿಂದ ಇದನ್ನು ಬೇರ್ಪಡಿಸಿದ. ಬೆಲೆ ಗೊತ್ತಾದದ್ದು 1914ರ ಹೊತ್ತಿಗೆ. ಅಮೆರಿಕದ ಆಸ್ಬೋರ್ನ್ ಮತ್ತು ಮೆಂಡೆಲ್ ಮರಿ ಇಲಿಗಳಿಗೆ ಪ್ರೋಟೀನ್ ಎಂದು ಗೋಧಿಯ ಗ್ಲಯಾಡಿನ್ ಒಂದನ್ನೇ ಕೊಟ್ಟರು. ಇಲಿಗಳು ಸಾಯಲಿಲ್ಲ, ಬೆಳೆಯಲೂ ಇಲ್ಲ. ಲೈಸಿನ್ ಬೆರೆಸಿದ ಮೇಲೆ ಬೆಳವಣಿಗೆ ಶುರುವಾಯಿತು. ಬದುಕಿರುವುದೇ ಬೇರೆ, ಬೆಳೆಯುವುದೇ ಬೇರೆ ಎಂದು ತೋರಿಸಿದ ಈ ಪ್ರಯೋಗ ನನ್ನನ್ನು ಇವತ್ತಿಗೂ ಕಾಡುತ್ತದೆ.

ನಮ್ಮ ಜೋಳದ್ದೂ ಅದೇ ಕಥೆ. ಅದರ ಪ್ರೋಟೀನಿನ ಬಹುಪಾಲು ಕಾಫಿರಿನ್, ಅದರಲ್ಲಿ ಲೈಸಿನ್ ಇಲ್ಲವೆನ್ನುವಷ್ಟು ಕಡಿಮೆ. 1973ರಲ್ಲಿ ಸಿಂಗ್ ಮತ್ತು ಆಕ್ಸ್ಟೆಲ್ ಎಂಬ ವಿಜ್ಞಾನಿಗಳು ಇಥಿಯೋಪಿಯಾದ ಜೋಳದಲ್ಲಿ ಲೈಸಿನ್ ಹೆಚ್ಚಿರುವ ತಳಿಗಳನ್ನು ಗುರುತಿಸಿದರು. ಅಲ್ಲಿನ ರೈತರು ಅಂಥ ಒಂದು ತಳಿಯನ್ನು ‘ಬಾಯೊಳಗಿನ ಹಾಲು’ ಎಂಬರ್ಥದ ಹೆಸರಿನಿಂದ ಕರೆಯುತ್ತಿದ್ದರು! ಕಾಳು ಸುಕ್ಕಾಗಿದ್ದರಿಂದ, ಇಳುವರಿ ಕಡಿಮೆ ಇದ್ದುದರಿಂದ ಅವು ಹೆಚ್ಚು ಹಬ್ಬಲಿಲ್ಲ.

ಕಲಬುರಗಿಯ ಹೊಲದಲ್ಲಿ ಉತ್ತರ ಮೊದಲೇ ಇತ್ತು. ತೊಗರಿಯ ಪ್ರೋಟೀನಿನಲ್ಲಿ ಲೈಸಿನ್ ಜೋಳಕ್ಕಿಂತ ಸುಮಾರು ಮೂರು ಪಟ್ಟು. ತೊಗರಿಗೆ ಕಡಿಮೆ ಬೀಳುವ ಮೆಥಿಯೋನಿನ್ ಎಂಬ ಇನ್ನೊಂದು ಅಮೈನೊ ಆಮ್ಲಕ್ಕೆ ಜೋಳ ಕೈ ಜೋಡಿಸುತ್ತದೆ. 2019ರಲ್ಲಿ ಕಲಬುರಗಿ ತೊಗರಿಗೆ ಭೌಗೋಳಿಕ ಸೂಚ್ಯಂಕದ ಗುರುತು ಸಿಕ್ಕಿತು, ಹೆಮ್ಮೆಯೇ. ಆದರೆ 2015ರಲ್ಲಿ ತೊಗರಿ ಬೇಳೆ ಕೆಜಿಗೆ 200 ರೂಪಾಯಿ ದಾಟಿದ್ದನ್ನೂ ನಾವು ಮರೆತಿಲ್ಲ.

ಲೈಸಿನ್ ಎಷ್ಟು ಬೇಕೆಂಬ ಲೆಕ್ಕವೂ ಬಹಳ ಕಾಲ ತಪ್ಪಿತ್ತು. 1985ರ ಅಂತರರಾಷ್ಟ್ರೀಯ ಶಿಫಾರಸಿನಲ್ಲಿ ವಯಸ್ಕರಿಗೆ ದೇಹತೂಕದ ಪ್ರತಿ ಕೆಜಿಗೆ ದಿನಕ್ಕೆ 12 ಮಿಲಿಗ್ರಾಂ ಎಂದಿತ್ತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಅನುರ ಕುರ್ಪಾಡ್ ಮತ್ತು ಸಂಗಡಿಗರು ಭಾರತೀಯರ ಮೇಲೆ ನಡೆಸಿದ ಅಧ್ಯಯನಗಳನ್ನೂ ಗಮನಿಸಿ, 2007ರ ಅಂತರರಾಷ್ಟ್ರೀಯ ವರದಿಯಲ್ಲಿ ಅದು 30ಕ್ಕೆ ಏರಿತು. 50 ಕೆಜಿಯ ಒಬ್ಬರಿಗೆ ಒಂದೂವರೆ ಗ್ರಾಂ. 300 ಗ್ರಾಂ ಜೋಳದ ಹಿಟ್ಟಿನಿಂದ ಬರುವುದು ಅದರ ಅರ್ಧಕ್ಕೂ ಕಡಿಮೆ. ಉಳಿದದ್ದಕ್ಕೆ ಸ್ಥೂಲವಾಗಿ 60 ಗ್ರಾಂ ಬೇಳೆ ಬೇಕು.

ಒಂದೆರಡು ವರ್ಷದ ಮಗುವಿಗೆ ಪ್ರತಿ ಕೆಜಿಗೆ 45 ಮಿಲಿಗ್ರಾಂ ಬೇಕು. ನಮ್ಮಲ್ಲಿ ಮಗುವಿಗೆ ರೊಟ್ಟಿ ಮುರಿದು ನೆನೆಸುವುದು ಮೇಲಿನ ತಿಳಿ ಕಟ್ಟಿನಲ್ಲಿ. ಸೌಟನ್ನು ತಳದವರೆಗೆ ಇಳಿಸಿ, ಗಟ್ಟಿ ಬ್ಯಾಳಿಯನ್ನೇ ಅದರ ತಟ್ಟೆಗೆ ಹಾಕಿ.