ಬೇಸಿಗೆಯಲ್ಲೇ ಸಿದ್ಧವಾಗುವ ವಸಂತ

ಅಮೆರಿಕದ ಸಸ್ಯವಿಜ್ಞಾನಿ ಚಾರ್ಲ್ಸ್ ಸ್ಪ್ರೇಗ್ ಸಾರ್ಜೆಂಟ್ ಅವರು 1892ರಲ್ಲಿ ಜಪಾನಿನ ಹೊಕ್ಕೈಡೊ ದ್ವೀಪದ ಮುರೊರಾನ್ ಬಳಿ, ಉಪ್ಪುನೀರಿನ ಜೌಗು ನೆಲದ ಅಂಚಿನಲ್ಲಿ ಬೆಳೆದಿದ್ದ ಗಿಡ್ಡ ಕಾಡುಸೇಬೊಂದರ ಬೀಜಗಳನ್ನು ಸಂಗ್ರಹಿಸಿ, ತಾವು ನಿರ್ದೇಶಕರಾಗಿದ್ದ ಬಾಸ್ಟನ್ನಿನ ಅರ್ನಾಲ್ಡ್ ಸಸ್ಯೋದ್ಯಾನಕ್ಕೆ ತಂದರು. ಇಂದು ಸಾರ್ಜೆಂಟ್ ಕ್ರ್ಯಾಬ್ ಆ್ಯಪಲ್ ಎಂದೇ ಹೆಸರಾಗಿರುವ ಈ ಮರ ಸುಮಾರು ಎರಡು ಮೀಟರ್ ಎತ್ತರಕ್ಕೆ ಬೆಳೆದು, ಅದಕ್ಕಿಂತ ಹೆಚ್ಚು ಅಗಲಕ್ಕೆ ಹರಡಿಕೊಳ್ಳುತ್ತದೆ. ಗಿಡ್ಡತನ ಇದರ ಹುಟ್ಟುಗುಣವಾದ್ದರಿಂದ ಕತ್ತರಿಸಿ ಕುಳ್ಳಾಗಿಸುವ ಅಗತ್ಯವೇ ಇಲ್ಲ.

ಆದರೂ ಹೂ ಉದುರಿ ತಿಂಗಳುಗಳಾದ ಮೇಲೆ ಕೊಂಬೆಗಳನ್ನು ಒಪ್ಪವಾಗಿ ಸವರುವವರು ಬಹಳ ಮಂದಿ. ಮರುವರ್ಷ ಹೂವೇಕೆ ಬರಲಿಲ್ಲವೆಂಬ ಅವರ ಬೇಸರಕ್ಕೆ ಉತ್ತರ ಮೊಗ್ಗಿನಲ್ಲಿದೆ. ಮೇ ತಿಂಗಳಲ್ಲಿ ಅರಳುವ ಹೂಗಳು ರೂಪ ತಳೆಯಲು ಆರಂಭಿಸುವುದು ಹಿಂದಿನ ವರ್ಷದ ಬೇಸಿಗೆಯಲ್ಲಿ; ಅಲ್ಲಿ ಬೇಸಿಗೆಯೆಂದರೆ ಜೂನ್‌ನಿಂದ ಆಗಸ್ಟ್. ಚಳಿಗಾಲದಲ್ಲಿ ಗಿಡ್ಡ ಕವಲಿನ ತುದಿಯ ದುಂಡನೆಯ ಮೊಗ್ಗೊಂದನ್ನು ಬ್ಲೇಡಿನಿಂದ ಸೀಳಿ ಭೂತಗನ್ನಡಿಯಲ್ಲಿ ನೋಡಿದರೆ, ಕಂದು ಪೊರೆಗಳ ನಡುವೆ ಹಸಿರು ಹೂಮೊಗ್ಗುಗಳ ಪುಟ್ಟ ಗೊಂಚಲು ಮುದುಡಿ ಕುಳಿತಿರುವುದು ಕಾಣುತ್ತದೆ. ಎಲೆಯ ಮೊಗ್ಗುಗಳು ಅದಕ್ಕಿಂತ ಸಣಕಲು, ಚೂಪು. ಆದ್ದರಿಂದ ಸವರಲೇಬೇಕಿದ್ದರೆ ಹೂ ಮುಗಿದ ಕೂಡಲೇ ಸವರಬೇಕು. ಒಣಗಿದ ರೆಂಬೆಗಳನ್ನೂ ಬುಡದಿಂದ ಏಳುವ ಚಿಗುರುಗಳನ್ನೂ ಮಾತ್ರ ಯಾವಾಗ ಬೇಕಾದರೂ ತೆಗೆಯಬಹುದು.

ಕತ್ತರಿ ಮುಟ್ಟದಿದ್ದರೂ ಈ ಮರ ಒಂದು ವರ್ಷ ಮೈತುಂಬ ಹೂಬಿಟ್ಟು, ಮರುವರ್ಷ ಹಿಂದೆಗೆಯುವುದುಂಟು. ಬೆಳೆಯುತ್ತಿರುವ ಕಾಯಿಗಳೊಳಗಿನ ಬೀಜಗಳು ಸ್ರವಿಸುವ ಜಿಬ್ಬರೆಲಿನ್ ಎಂಬ ಹಾರ್ಮೋನು ಹೊಸ ಹೂಮೊಗ್ಗುಗಳು ಮೂಡದಂತೆ ತಡೆಯುವುದು ಇದಕ್ಕೆ ಒಂದು ಮುಖ್ಯ ಕಾರಣ. ನಮ್ಮ ಮಾವಿನ ಮರಗಳಲ್ಲಿ ವರ್ಷ ಬಿಟ್ಟು ವರ್ಷ ಫಸಲು ಬರುವುದನ್ನು ಕಂಡವರಿಗೆ ಇದು ಹೊಸತೆನಿಸದು.

ಮೊಗ್ಗು ಸಿದ್ಧವಾದ ಮೇಲೂ ದೀರ್ಘ ಚಳಿಯನ್ನು ಉಣ್ಣದೆ ಅದು ಎಚ್ಚರಗೊಳ್ಳುವುದಿಲ್ಲ. ಬೆಂಗಳೂರಿನ ಅಂಗಳದಲ್ಲಿ ಆ ಚಳಿ ಸಿಗದು. ಬಾಸ್ಟನ್ನಿನಂತಹ ಊರುಗಳಲ್ಲಿ ನೆಲೆಸಿದ ಕನ್ನಡಿಗರು ಧಾರಾಳವಾಗಿ ಬೆಳೆಸಬಹುದು. ದಿನವಿಡೀ ಬಿಸಿಲು ಬೀಳುವ, ನೀರು ನಿಲ್ಲದ ಜಾಗ ಸಾಕು. ಬೇರುಮುಡಿಯ (ಮಣ್ಣು ಸಮೇತವಾದ ಬೇರುಗಳ ಮುದ್ದೆಯ) ಎರಡು ಮೂರು ಪಟ್ಟು ಅಗಲದ, ಆದರೆ ಅದರಷ್ಟೇ ಆಳದ ಗುಂಡಿ ತೋಡಿ ನೆಡಬೇಕು. ಕಾಂಡದ ಬುಡ ಮಣ್ಣಿನಲ್ಲಿ ಹೂತುಹೋದರೆ ಕೊಳೆಯುತ್ತದೆ. ಬಟಾಣಿಯಷ್ಟೇ ದಪ್ಪದ ಕೆಂಪು ಹಣ್ಣುಗಳು ಎಲೆ ಉದುರಿದ ಮೇಲೂ ಕೊಂಬೆಯಲ್ಲೇ ಉಳಿದು, ಹಿಮಕ್ಕೆ ಮೆತ್ತಗಾಗುತ್ತಿದ್ದಂತೆ ಹಕ್ಕಿಗಳು ಬಂದು ಮರವನ್ನು ಬರಿದುಮಾಡುತ್ತವೆ.