ಸ್ಪ್ರಿಂಕ್ಲರ್ ಹೆಡ್ ಎತ್ತರಿಸಿದರೆ ನೀರು ದೂರ ಹೋಗದು

ಹುಲ್ಲುಹಾಸಿನ ಅಂಚು ಒಣಗಿದ್ದು ಕಂಡ ಕೂಡಲೇ ನೆಲದಲ್ಲಿ ಹೂತಿದ್ದು ನೀರು ಬಿಟ್ಟಾಗ ಮೇಲೆದ್ದು ಎರಚುವ ಸ್ಪ್ರಿಂಕ್ಲರ್ ಹೆಡ್ಡನ್ನು ಬೆರಳಗಲ ಮೇಲೆತ್ತಿ ಕೂರಿಸುವ ಚಾಳಿ ಬಹಳ ಜನಕ್ಕಿದೆ. ಎತ್ತರದಿಂದ ಚಿಮ್ಮಿದರೆ ದೂರ ಬೀಳುತ್ತದಲ್ಲ ಎಂಬ ನಂಬಿಕೆ. ಲೆಕ್ಕ ಹಾಕಿಯೇ ಬಿಡೋಣ. 25 ಡಿಗ್ರಿ ಕೋನದಲ್ಲಿ ಎರಚುವ ನಾಝಲ್ಲನ್ನು 2 ಸೆಂ.ಮೀ. ಎತ್ತಿದರೆ ಹನಿ ಹೆಚ್ಚುವರಿಯಾಗಿ ಸಾಗುವುದು 4 ಸೆಂ.ಮೀ. ಚಿಲ್ಲರೆ. ಗಾಳಿಯ ತಡೆಯಿಂದ ಹನಿ ಇನ್ನೂ ಕಡಿದಾಗಿ ಇಳಿಯುವುದರಿಂದ ಅಷ್ಟೂ ಸಿಗದು. ಗ್ಯಾರಂಟಿಯಾಗಿ ಸಿಗುವುದು ಹುಲ್ಲು ಕತ್ತರಿಸುವ ಮೂವರ್‌ನ ಬ್ಲೇಡಿಗೆ ಸಿಕ್ಕು ಚೂರಾದ ಮುಚ್ಚಳ.

ದೂರವನ್ನು ನಿಜಕ್ಕೂ ಕೆಡಿಸುವುದು ವಾಲಿಕೆ. ಫಿರಂಗಿ ಗುಂಡು 45 ಡಿಗ್ರಿಯಲ್ಲಿ ಅತಿ ದೂರ ಹೋಗುತ್ತದೆಂದು ಇಟಲಿಯ ಗಣಿತಜ್ಞ ಟಾರ್ಟಾಗ್ಲಿಯಾ 1537ರಲ್ಲೇ ಹೇಳಿದ್ದ. ಅದರ ಹಾದಿ ಪ್ಯಾರಾಬೋಲಾ ಎಂದು ಗಣಿತದಿಂದ ತೋರಿಸಿದ್ದು 1638ರ ಗೆಲಿಲಿಯೊ. ನೀರಿನ ಹನಿಗೂ ಅದೇ ಕಾನೂನು. ಆದರೆ ಗಾಳಿಗೆ ಚದುರಿಹೋಗದಿರಲೆಂದು ನಾಝಲ್ಲುಗಳ ಕೋನವನ್ನು 45ಕ್ಕಿಂತ ಸಾಕಷ್ಟು ಕೆಳಗೇ ಇಡುತ್ತಾರೆ. ಅಲ್ಲಿ ಪ್ರತಿ ಡಿಗ್ರಿಗೂ ಬೆಲೆಯಿದೆ. ಹೆಡ್ 5 ಡಿಗ್ರಿ ವಾಲಿತೆನ್ನಿ: ಒಂದು ಕಡೆ 25 ಡಿಗ್ರಿ 20 ಆಗುತ್ತದೆ, ಎದುರು ಕಡೆ 30. ಗಾಳಿಯ ತಡೆ ಬಿಟ್ಟು ಎಣಿಸಿದರೆ 4 ಮೀಟರ್ ಎರಚಬೇಕಾದದ್ದು ಒಂದು ಕಡೆ ಸುಮಾರು 65 ಸೆಂ.ಮೀ. ಮೊಟಕಾಯಿತು, ಇನ್ನೊಂದು ಕಡೆ ಅರ್ಧ ಮೀಟರ್ ಮಿಕ್ಕಿ ಹೋಯಿತು. ಹೆಡ್ಡಿನೊಳಗಿಂದ 10 ಸೆಂ.ಮೀ. ಮೇಲೇಳುವ ರೈಸರ್‌ನ (ನಾಝಲ್ ಹೊತ್ತ ಕೊಳವೆಯ) ತುದಿ 9 ಮಿ.ಮೀ. ಸರಿದರೆ ಈ 5 ಡಿಗ್ರಿ ಆಗಿಯೇ ಹೋಯಿತು! ಹಾಗಾಗಿ ರೈಸರನ್ನು ಕೈಯಿಂದ ಮೇಲೆಳೆದು ಹಿಡಿದು, ಅದರ ಪಕ್ಕಕ್ಕೆ ರಸಮಟ್ಟ ಒತ್ತಿ ಎರಡು ದಿಕ್ಕಿನಿಂದಲೂ ನೋಡಬೇಕು. ಇಳಿಜಾರಿನಲ್ಲಿ ಮಾತ್ರ ರಸಮಟ್ಟ ಬೇಡ. ಅಲ್ಲಿ ಹೆಡ್ ಇಳಿಜಾರಿಗೇ ಲಂಬವಾಗಿರಲಿ, ಇಲ್ಲದಿದ್ದರೆ ಮೇಲ್ಬದಿಯ ನೀರು ಎದುರಿನ ಮಣ್ಣಿಗೇ ಬಡಿಯುತ್ತದೆ.

ಇನ್ನು ಮಟ್ಟ. ಮುಚ್ಚಳದ ಮೇಲ್ಮೈ ಮಣ್ಣಿನ ಸಮಕ್ಕಿರಬೇಕು, ಹುಲ್ಲಿನ ತುದಿಯ ಸಮಕ್ಕಲ್ಲ. ಹುಲ್ಲಿನ ಹಾಳೆ ಇನ್ನೂ ಹಾಸಬೇಕಿದ್ದರೆ ಅದರ ಬೇರು-ಮಣ್ಣಿನ ದಪ್ಪವನ್ನೂ ಸೇರಿಸಿಕೊಳ್ಳಿ. ತಗ್ಗಿದರೆ ನೀರು ಹತ್ತಿರದ ಹುಲ್ಲಿಗೇ ತಾಗಿ ಅಲ್ಲಿ ರಾಡಿ, ಅದರಾಚೆ ಒಣ ಉಂಗುರ. ಸಾಲದ್ದಕ್ಕೆ ಮರಳು ರೈಸರ್ ಸುತ್ತಲಿನ ಸೀಲಿಗೆ ಇಳಿದು ರೈಸರ್ ವಾಪಸ್ ಕೂರುವುದಿಲ್ಲ. ಆಳಕ್ಕೆ ಹೂತ ಹೆಡ್ಡೂ ಕೊನೆಗೆ ಮೂವರ್‌ಗೇ ಆಹುತಿ.

ಪೈಪಿನಿಂದ ನೇರವಾಗಿ ಗಟ್ಟಿ ಪಿವಿಸಿ ತುಂಡು ನಿಲ್ಲಿಸಿ ಅದರ ಮೇಲೆ ಹೆಡ್ ತಿರುಗಿಸಿ ಕೂರಿಸಿದರೆ ಎತ್ತರ ಅಲ್ಲಿಗೇ ನಿಗದಿ. ಮೇಲೆ ಚಕ್ರ ಹತ್ತಿದರೆ ಬಿರಿಯುವುದು ಕೆಳಗಿನ ಫಿಟಿಂಗ್. ಬದಲಿಗೆ 30ರಿಂದ 45 ಸೆಂ.ಮೀ. ಉದ್ದದ, ಬಾಗುವ ಪಾಲಿಎಥಿಲೀನ್ ಪೈಪು, ಎರಡು ತುದಿಗೂ ಎಲ್ಬೋ (ಮೊಣಕೈಯಂತೆ ಬಾಗಿದ ಫಿಟಿಂಗ್) ಹಾಕಿ. ನಾಝಲ್ ಕೂರಿಸುವ ಮುಂಚೆ ವಾಲ್ವ್ ತೆರೆದು ಪೈಪಿನೊಳಗಿನ ಮಣ್ಣು, ಪ್ಲಾಸ್ಟಿಕ್ ಚೂರು ಹೊರಹೋಗಲು ಬಿಡಿ. ಗುಂಡಿಯ ಎರಡೂ ದಡಕ್ಕೆ ತಾಗುವಂತೆ ನೇರ ಪಟ್ಟಿಯೊಂದನ್ನು ಅಡ್ಡವಿಟ್ಟು, ಮುಚ್ಚಳ ಅದರ ತಳಕ್ಕೆ ತಾಗುವಂತೆ ಒಂದು ಕೈಯಲ್ಲಿ ಹಿಡಿದಿರಿ. ಮಣ್ಣನ್ನು ಒಮ್ಮೆಲೇ ಸುರಿಯದೆ 7–8 ಸೆಂ.ಮೀ. ಪದರಗಳಲ್ಲಿ ತುಂಬಿ, ತುಸು ನೀರು ಚಿಮುಕಿಸಿ ಸುತ್ತಲೂ ಸಮನಾಗಿ ತುಳಿಯಿರಿ. ಒಂದೇ ಬದಿ ತುಳಿದರೆ ಮತ್ತದೇ ವಾಲಿಕೆ.

ಎಷ್ಟು ತುಳಿದರೂ ಕೆದಕಿದ ಮಣ್ಣು ಕೆಲವು ವಾರ ಇಳಿಯುತ್ತಲೇ ಇರುತ್ತದೆ. ಹೆಡ್ಡೂ ಇಳಿದಿದ್ದರೆ ಸುತ್ತಲಿನ ಮಣ್ಣು ಕೆರೆದು ಬಟ್ಟಲು ಮಾಡಬೇಡಿ, ಅಲ್ಲಿ ನೀರು ನಿಲ್ಲುತ್ತದೆ. ಪಕ್ಕದಲ್ಲಿ ಅಗೆದು, ಪೈಪಿನ ಬಾಗನ್ನೇ ಬಳಸಿ ಹೆಡ್ ಮೇಲೆತ್ತಿ, ಅಡಿಗೆ ಮಣ್ಣು ತುರುಕಿ.