ವಾಗ್ದಾನದ ಚೀಟಿಯಲ್ಲಿ ಬಂದ ವಚನ ನನ್ನ ಕೆಲಸಕ್ಕೂ ಅನ್ವಯಿಸುತ್ತದೆಯೇ?

ಪ್ರಶ್ನೆ: ಹೊಸವರ್ಷದ ಆರಾಧನೆಯಲ್ಲಿ, ಒಂದೊಂದು ವಚನ ಬರೆದಿಟ್ಟ ಚೀಟಿಗಳಿಂದ ಎತ್ತಿದಾಗ ನನ್ನ ಕೈಗೆ ಬಂದ ವಾಗ್ದಾನದ ಚೀಟಿಯಲ್ಲಿ ಯೆರೆಮೀಯ 29:11 ಇತ್ತು; ದೇವರಿಗೆ ನಮ್ಮ ವಿಷಯದಲ್ಲಿರುವುದು ಹಿತದ ಯೋಚನೆಗಳೇ ಎನ್ನುವ ವಚನ. ಅದು ನನ್ನ ಉದ್ಯೋಗದ ವಿಷಯದಲ್ಲಿ ದೇವರು ಕೊಟ್ಟ ಮಾತೆಂದು ನಂಬಿ ಪ್ರಾರ್ಥಿಸುತ್ತ ಬಂದಿದ್ದೇನೆ. ವರ್ಷ ಮುಗಿಯುತ್ತ ಬಂದರೂ ಕೆಲಸ ಸಿಕ್ಕಿಲ್ಲ. ನನ್ನ ನಂಬಿಕೆ ಸಾಲದೆ ಹೋಯಿತೇ, ಅಥವಾ ಆ ವಚನವನ್ನು ನನ್ನದೆಂದು ತೆಗೆದುಕೊಂಡದ್ದೇ ತಪ್ಪೇ?

ಉತ್ತರ: ಉದ್ಯೋಗ ಎಂಬ ಮಾತಿನ ಜಾಗದಲ್ಲಿ ಮದುವೆ, ಸಂತಾನ, ವೀಸಾ, ಕಾಯಿಲೆ ಎಂಬ ಮಾತುಗಳನ್ನಿಟ್ಟರೆ ಇದೇ ಪ್ರಶ್ನೆಯನ್ನು ನಮ್ಮ ಸಭೆಗಳಲ್ಲಿ ಬಹಳ ಮಂದಿ ಕೇಳುತ್ತಾರೆ, ಬಾಯಿಬಿಟ್ಟು ಕೇಳದೆ ಮನಸ್ಸಿನಲ್ಲೇ ಇಟ್ಟುಕೊಂಡವರೂ ಇದ್ದಾರೆ. ನಂಬಿಕೆ ಸಾಲದ್ದರಿಂದ ಕೆಲಸ ತಪ್ಪಿತೆಂದು ಆ ವಚನದ ಆಧಾರದ ಮೇಲೆ ಯಾರೂ ನಿಮಗೆ ಹೇಳುವಂತಿಲ್ಲ, ಏಕೆಂದರೆ ಆ ವಚನ ಯಾರಿಗೂ ಕೆಲಸದ ಮಾತನ್ನು ಕೊಟ್ಟೇ ಇಲ್ಲ. ಹಾಗೆಂದು ಅದರಲ್ಲಿ ನಿಮಗೆ ಸಲ್ಲುವಂಥದ್ದು ಏನೂ ಇಲ್ಲವೆನ್ನುವುದೂ ಸರಿಯಲ್ಲ. ಏನು ಸಲ್ಲುತ್ತದೆ, ಎಷ್ಟು ಸಲ್ಲುತ್ತದೆ ಎಂಬುದು ತಿಳಿಯಬೇಕಾದರೆ ಆ ವಚನ ಬರುವ ಪತ್ರವನ್ನು ಮೊದಲಿನಿಂದ ಓದಬೇಕು.

ಅದು ನಿಜವಾಗಿಯೂ ಒಂದು ಪತ್ರವೇ. ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸನಾದ ನೆಬೂಕದ್ನೆಚ್ಚರನು ಯೆರೂಸಲೇಮನ್ನು ವಶಪಡಿಸಿಕೊಂಡು, ಅರಸನಾದ ಯೆಹೋಯಾಖೀನನನ್ನೂ ಅವನ ತಾಯಿಯನ್ನೂ ಅಧಿಕಾರಿಗಳನ್ನೂ ಕಮ್ಮಾರರೇ ಮೊದಲಾದ ಕುಶಲಕರ್ಮಿಗಳನ್ನೂ ಸೆರೆಯಾಗಿ ಒಯ್ದನು. ಊರಲ್ಲೇ ಉಳಿದ ಪ್ರವಾದಿ ಯೆರೆಮೀಯನು ಆ ಸೆರೆಯವರಿಗೆ ಪತ್ರ ಬರೆದು, ಹೊಸ ಅರಸ ಚಿದ್ಕೀಯನು ಬಾಬೆಲಿಗೆ ಕಳುಹಿಸುತ್ತಿದ್ದ ದೂತರ ಕೈಯಲ್ಲಿ ಕೊಟ್ಟನು. ಸೆರೆಯವರು ಕೇಳಲು ಕಾತರಿಸುತ್ತಿದ್ದ ಸುದ್ದಿ ಒಂದೇ: ಊರಿಗೆ ಹಿಂದಿರುಗುವುದು ಯಾವಾಗ? ಆ ಪ್ರಶ್ನೆಗೆ ಇಂಪಾದ ಉತ್ತರವೊಂದನ್ನು ಹನನ್ಯನೆಂಬ ಪ್ರವಾದಿ ಹೇಳಿದನು. ಇನ್ನೆರಡು ವರ್ಷಗಳೊಳಗೆ ಬಾಬೆಲಿನ ನೊಗ ಮುರಿಯುತ್ತದೆ, ದೇವಾಲಯದ ಪಾತ್ರೆಗಳೂ ಸೆರೆಯಾದವರೂ ಹಿಂದಿರುಗುತ್ತಾರೆ ಎಂದು ಅವನು ದೇವಾಲಯದಲ್ಲೇ, ದೇವರ ಹೆಸರಿನಲ್ಲೇ ಸಾರಿದ್ದು ಹಿಂದಿನ ಅಧ್ಯಾಯದಲ್ಲಿದೆ. ಯೆರೆಮೀಯನ ಪತ್ರವಾದರೋ ಮನೆಗಳನ್ನು ಕಟ್ಟಿಕೊಳ್ಳಿರಿ, ತೋಟಗಳನ್ನು ಮಾಡಿಕೊಂಡು ಅವುಗಳ ಫಲವನ್ನು ಉಣ್ಣಿರಿ, ಮಕ್ಕಳಿಗೆ ಅಲ್ಲೇ ಮದುವೆ ಮಾಡಿರಿ, ನಿಮ್ಮನ್ನು ಸೆರೆ ಒಯ್ದ ಪಟ್ಟಣದ ಕ್ಷೇಮವನ್ನು ಹಾರೈಸಿ ಅದಕ್ಕಾಗಿ ಪ್ರಾರ್ಥಿಸಿರಿ ಎಂದು ಹೇಳುತ್ತದೆ. ಅದರ ಬೆನ್ನಿಗೇ, ಸುಳ್ಳು ಪ್ರವಾದಿಗಳ ಮಾತಿಗೆ ಕಿವಿಗೊಡಬೇಡಿರಿ ಎಂಬ ಎಚ್ಚರಿಕೆ ಬರುತ್ತದೆ. ಹತ್ತನೆಯ ವಚನ ಬಾಬೆಲಿಗೆ ಎಪ್ಪತ್ತು ವರ್ಷಗಳ ಅವಧಿಯನ್ನು ಗೊತ್ತುಪಡಿಸುತ್ತದೆ. ನಿಮ್ಮ ವಿಷಯದಲ್ಲಿ ನನಗಿರುವುದು ಅಹಿತದ ಯೋಚನೆಗಳಲ್ಲ, ಹಿತದ ಯೋಚನೆಗಳೇ. ನಿಮಗೆ ಒಳ್ಳೆಯ ಗತಿಯೂ ನಿರೀಕ್ಷೆಯೂ ಇರಲೆಂದು ಯೋಚಿಸಿದ್ದೇನೆ ಎಂಬ ಭಾವದ ಹನ್ನೊಂದನೆಯ ವಚನ ಅದಾದ ಮೇಲೆ ಬರುವಂಥದ್ದು.

ಎಪ್ಪತ್ತು ವರ್ಷ ಎಂಬ ಮಾತನ್ನು ಕೇಳಿದ ನಲವತ್ತರ ಪ್ರಾಯದವನೊಬ್ಬನು ತಾನು ಬಾಬೆಲಿನಲ್ಲೇ ಸಾಯುವೆನೆಂದು ತಿಳಿದುಕೊಂಡಿರಬೇಕು. ಹೀಗಿರುವಾಗ, ತನ್ನ ಸ್ವಂತ ಜಾಗದಲ್ಲಿ ಈ ವಚನವು ಬೇಗನೆ ಬಿಡುಗಡೆಯಾಗುತ್ತದೆಂಬ ಭರವಸೆಗೆ ವಿರುದ್ಧವಾಗಿ ನಿಂತ ಮಾತು. ಈ ವರ್ಷವೇ ಕೆಲಸ, ಈ ವರ್ಷವೇ ಮದುವೆ ಎಂದು ನಾವು ಅದರಿಂದ ಓದಿಕೊಳ್ಳುವ ಅರ್ಥವು ಯೆರೆಮೀಯನ ಮಾತಿಗಿಂತ ಹನನ್ಯನ ಮಾತಿಗೇ ಹತ್ತಿರವಾಗಿರುವುದು ವಿಪರ್ಯಾಸ. ಚೀಟಿಯಲ್ಲಿ ಹತ್ತನೆಯ ವಚನವನ್ನೂ ಸೇರಿಸಿ ಅಚ್ಚು ಮಾಡಿದ್ದರೆ ಈ ಗೊಂದಲದ ಅರ್ಧ ಹುಟ್ಟುತ್ತಲೇ ಇರಲಿಲ್ಲವೇನೋ; ಆದರೆ ಎಪ್ಪತ್ತು ವರ್ಷಗಳ ಚೀಟಿಯನ್ನು ಹೊಸವರ್ಷದ ರಾತ್ರಿ ಯಾರು ಇಷ್ಟಪಟ್ಟು ಎತ್ತಿಕೊಂಡಾರು?

ಸೆರೆಯವರಲ್ಲಿ ಒಬ್ಬನು ಈ ಪ್ರವಾದನೆಯನ್ನು ಹೇಗೆ ಬಳಸಿಕೊಂಡನೆಂಬುದು ಸತ್ಯವೇದದಲ್ಲೇ ದಾಖಲಾಗಿದೆ. ದಾನಿಯೇಲನ ಗ್ರಂಥದ ಒಂಬತ್ತನೆಯ ಅಧ್ಯಾಯದಲ್ಲಿ, ಯೆರೂಸಲೇಮು ಹಾಳಾಗಿರಬೇಕಾದ ಅವಧಿ ಎಪ್ಪತ್ತು ವರ್ಷವೆಂದು ದಾನಿಯೇಲನು ಯೆರೆಮೀಯನ ಬರಹದಿಂದ ತಿಳಿದುಕೊಳ್ಳುತ್ತಾನೆ. ತಿಳಿದ ಕೂಡಲೇ ಅವನು ಗಂಟುಮೂಟೆ ಕಟ್ಟುವುದಿಲ್ಲ. ಉಪವಾಸವಿದ್ದು, ಗೋಣಿತಟ್ಟು ಉಟ್ಟು, ನಾವು ಪಾಪ ಮಾಡಿದ್ದೇವೆ ಎಂದು ಇಡೀ ಜನಾಂಗದ ಪರವಾಗಿ ಅರಿಕೆ ಮಾಡುತ್ತಾನೆ. ಕ್ರಿ.ಪೂ. 539ರಲ್ಲಿ ಪಾರಸಿಯ ಅರಸ ಕೋರೆಷನು ಬಾಬೆಲನ್ನು ಗೆದ್ದು, ಬಳಿಕ ಯೆಹೂದ್ಯರಿಗೆ ಹಿಂದಿರುಗಲು ಅಪ್ಪಣೆ ಕೊಟ್ಟದ್ದು ನಿಜ. ಆದರೆ ಕೋರೆಷನ ಮೂರನೆಯ ವರ್ಷದಲ್ಲಿಯೂ ದಾನಿಯೇಲನು ಪೂರ್ವದೇಶದಲ್ಲೇ ಇದ್ದನೆಂದು ಹತ್ತನೆಯ ಅಧ್ಯಾಯ ಹೇಳುತ್ತದೆ. ಅವನು ಊರಿಗೆ ಮರಳಿದ ಸುದ್ದಿ ಗ್ರಂಥದಲ್ಲಿ ಎಲ್ಲಿಯೂ ಇಲ್ಲ. ವಾಗ್ದಾನ ನೆರವೇರಿತು, ಅದನ್ನು ಪ್ರಾರ್ಥನೆಯಲ್ಲಿ ಹಿಡಿದಿದ್ದವನು ಮಾತ್ರ ಇದ್ದಲ್ಲೇ ಇದ್ದನು.

ಹಾಗಾದರೆ ಇನ್ನೊಬ್ಬರಿಗೆ ಕೊಟ್ಟ ವಾಗ್ದಾನವನ್ನು ನಮ್ಮದೆನ್ನಲು ಅಧಿಕಾರವೇ ಇಲ್ಲವೇ? ಇದೆ, ಅದಕ್ಕೆ ಹೊಸ ಒಡಂಬಡಿಕೆಯಲ್ಲಿಯೇ ಮಾದರಿಯೊಂದಿದೆ. ಈ ಮಾದರಿಯನ್ನು ನಿಧಾನವಾಗಿ ನೋಡುವುದು ಲೇಸು, ಏಕೆಂದರೆ ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ. ನಿನ್ನನ್ನು ಕೈಬಿಡುವುದಿಲ್ಲ, ತೊರೆಯುವುದಿಲ್ಲ ಎಂಬ ಮಾತನ್ನು ಕಾನಾನಿನ ಗಡಿಯಲ್ಲಿ ಮೋಶೆಯು ಇಸ್ರಾಯೇಲ್ಯರಿಗೆ ಹೇಳಿದನು. ಮೋಶೆ ತೀರಿಕೊಂಡ ಮೇಲೆ ದೇವರು ಅದನ್ನೇ ಯೆಹೋಶುವನಿಗೆ ಹೇಳಿದನು. ಯೆಹೋಶುವ 1:5ರಲ್ಲಿ ಆ ಮಾತಿಗೆ ಮುಂಚೆ ಇನ್ನೊಂದು ಮಾತಿದೆ: ನಿನ್ನ ಜೀವಮಾನದಲ್ಲಿ ಯಾರೂ ನಿನ್ನೆದುರಿಗೆ ನಿಲ್ಲಲಾರರು. ಇಬ್ರಿಯರಿಗೆ ಬರೆದ ಪತ್ರಿಕೆಯ ಲೇಖಕನು 13:5ರಲ್ಲಿ ಈ ವಾಗ್ದಾನವನ್ನು ಸಾಮಾನ್ಯ ವಿಶ್ವಾಸಿಗಳ ಕೈಗೆ ಕೊಡುತ್ತಾನೆ. ಯುದ್ಧಕ್ಕೆ ಹೊರಟ ಸೇನಾಪತಿಗೆ ಹೇಳಿದ ಮಾತು ಇಲ್ಲಿ ಹಣದಾಸೆಯನ್ನು ಬಿಟ್ಟು ಇದ್ದದ್ದರಲ್ಲಿ ತೃಪ್ತರಾಗಿರಿ ಎಂಬ ಬುದ್ಧಿಮಾತಿಗೆ ಆಧಾರವಾಗುತ್ತದೆ. ಗೃಹಕೃತ್ಯದ ಲೆಕ್ಕಾಚಾರಕ್ಕೇ ಸಲ್ಲುವ ಅನ್ವಯವಿದು.

ಆದರೆ ಅವನು ಯಾವುದನ್ನು ತೆಗೆದುಕೊಂಡನು, ಯಾವುದನ್ನು ಬಿಟ್ಟನು ಎಂಬುದನ್ನು ಗಮನಿಸಬೇಕು. ಕೈಬಿಡದ ದೇವರನ್ನು ತೆಗೆದುಕೊಂಡನು; ಕಾನಾನಿನ ಭೂಮಿಯನ್ನೂ ಎದುರಾಳಿಗಳ ಸೋಲನ್ನೂ ಅಲ್ಲೇ ಬಿಟ್ಟನು. ಬಿಡದೆ ಗತಿಯೂ ಇರಲಿಲ್ಲ, ಏಕೆಂದರೆ ಆ ಪತ್ರಿಕೆಯ ಓದುಗರು ಹಿಂದೆ ಆಸ್ತಿಪಾಸ್ತಿಯ ಸುಲಿಗೆಯನ್ನು ಸಹಿಸಿಕೊಂಡವರೆಂದು ಹತ್ತನೆಯ ಅಧ್ಯಾಯ ಹೇಳುತ್ತದೆ, ಅವರಲ್ಲಿ ಕೆಲವರು ಸೆರೆಮನೆಯಲ್ಲಿದ್ದಿರಬಹುದೆಂಬುದನ್ನು ಹದಿಮೂರನೆಯ ಅಧ್ಯಾಯ ಸೂಚಿಸುತ್ತದೆ. ಅವರೆದುರಿಗೆ ನಿಂತವರು ನಿಂತೇ ಇದ್ದರು. ಅಂಥವರಿಗೂ ಆ ವಾಗ್ದಾನ ಸುಳ್ಳಾಗಲಿಲ್ಲ. ದೇವರು ಎಂಥವನೆಂದು ವಚನ ತೋರಿಸುತ್ತದೆಯೋ ಅದು ಕಾಲದೇಶಗಳನ್ನು ದಾಟಿ ನಮ್ಮ ಮನೆಗೂ ಬರುತ್ತದೆ. ಆ ದೇವರು ಅಂದು ಆ ಜನರಿಗೆ ಗೊತ್ತುಪಡಿಸಿದ ಘಟನೆ, ಅವಧಿ, ವಸ್ತು ಇವು ತಾವಾಗಿ ದಾಟಿ ಬರುವುದಿಲ್ಲ.

ಈ ಅಳತೆಯಿಂದ ನೋಡಿದರೆ ಯೆರೆಮೀಯ 29:11 ನಿಮಗೆ ಕೊಡುವುದು ಕಡಿಮೆಯೇನಲ್ಲ. ಶಿಕ್ಷೆಯ ನಡುವೆಯೂ ತನ್ನ ಜನರನ್ನು ಕುರಿತು ಹಿತವನ್ನೇ ಯೋಚಿಸುವ, ತಡವನ್ನು ಮುಚ್ಚಿಡದೆ ಮೊದಲೇ ತಿಳಿಸುವ, ದೇವಾಲಯವಿಲ್ಲದ ಪರದೇಶದಿಂದ ಮಾಡಿದ ಪ್ರಾರ್ಥನೆಗೂ ಕಿವಿಗೊಡುವ ದೇವರು ಅಲ್ಲಿದ್ದಾನೆ; ಕೊನೆಯದನ್ನು ಮುಂದಿನ ವಚನಗಳೇ ಹೇಳುತ್ತವೆ. ಅದರ ಜೊತೆಗೆ, ಇರುವ ಪಟ್ಟಣದ ಕ್ಷೇಮವನ್ನು ಹಾರೈಸಿರಿ ಎಂಬ ಏಳನೆಯ ವಚನದ ಅಪ್ಪಣೆಯೂ ಬರುತ್ತದೆ. ವಾಗ್ದಾನವನ್ನು ನಮ್ಮದೆನ್ನುವವರು ಅದೇ ಪತ್ರದಲ್ಲಿರುವ ಕೆಲಸವನ್ನು ಇನ್ನೊಬ್ಬರದೆನ್ನುವುದು ನ್ಯಾಯವಲ್ಲ. ಊರು ಬಿಟ್ಟು ಬೆಂಗಳೂರು, ಮುಂಬಯಿ, ದುಬೈ, ಕುವೈತ್ ಸೇರಿದ ನಮ್ಮವರು ಹಲವರು. ಬಾಡಿಗೆ ಮನೆಯ ಊರನ್ನು ತಮ್ಮದಲ್ಲವೆಂದೇ ನೋಡುತ್ತ, ಬದುಕೆಲ್ಲ ಮುಂದೆ ಎಂದೋ ಆರಂಭವಾಗಲಿದೆಯೆಂದು ಕಾಯುವುದು ಅಂಥವರಿಗೆ ಸುಲಭ. ಕೆಲಸಕ್ಕಾಗಿ ಕಾಯುತ್ತಿರುವವರ ಪಾಡೂ ಹೆಚ್ಚು ಬೇರೆಯಲ್ಲ. ಇರುವ ಊರಿನ ನೀರು, ಶಾಲೆ, ನೆರೆಹೊರೆಯ ಮುದುಕರು, ಸಭೆಯ ಲೆಕ್ಕಪತ್ರ ಇವುಗಳಲ್ಲಿ ಕೈಹಾಕಿ, ಸಿಕ್ಕ ಸಣ್ಣ ಕೆಲಸವನ್ನು ತಾತ್ಸಾರ ಮಾಡದೆ, ಅರ್ಜಿಗಳನ್ನು ಹಾಕುತ್ತಲೇ ಇರುವುದು ಆ ಪತ್ರಕ್ಕೆ ವಿಧೇಯರಾಗುವ ರೀತಿ.

ಸಂದರ್ಭವನ್ನು ಬಿಟ್ಟು ವಚನವನ್ನು ಕಿತ್ತು ತೆಗೆಯುವುದರ ಅಪಾಯಕ್ಕೆ ಸತ್ಯವೇದ ಕೊಡುವ ಉದಾಹರಣೆ ಸೈತಾನನದು. ದೇವಾಲಯದ ಶಿಖರದಿಂದ ಕೆಳಕ್ಕೆ ಹಾರು, ದೇವರು ಕಾಪಾಡುವನು ಎಂದು ಯೇಸುವಿಗೆ ಅವನು ಹೇಳಿದ್ದು 91ನೆಯ ಕೀರ್ತನೆಯ ವಚನವನ್ನೇ ಹಿಡಿದು, ಆ ವಚನದಲ್ಲಿ ತಪ್ಪಿಲ್ಲ. ಕಾಪಾಡುವ ದೇವರ ಮಾತನ್ನು ದೇವರನ್ನೇ ಪರೀಕ್ಷಿಸುವ ಸಾಧನವಾಗಿ ತಿರುಗಿಸಿದ್ದು ತಪ್ಪು. ದೇವರನ್ನು ಪರೀಕ್ಷಿಸಬಾರದೆನ್ನುವ ಧರ್ಮೋಪದೇಶಕಾಂಡ 6:16ರಿಂದ ಯೇಸು ಉತ್ತರ ಕೊಟ್ಟನು, ಅಂದರೆ ಒಂದು ವಚನವನ್ನು ಇನ್ನೊಂದರ ಬೆಳಕಿನಲ್ಲಿ ಓದಿದನು. ಪರೀಕ್ಷೆಯ ದಿನಗಳಲ್ಲಿ ನಮ್ಮ ಮಕ್ಕಳು ನೆಚ್ಚಿಕೊಳ್ಳುವ ಫಿಲಿಪ್ಪಿ 4:13ನ್ನೂ ಹೀಗೆಯೇ ಓದಬೇಕು. ಬಲಪಡಿಸುವಾತನಲ್ಲಿದ್ದು ಎಲ್ಲಕ್ಕೂ ಶಕ್ತನಾಗಿದ್ದೇನೆ ಎಂದು ಪೌಲನು ಬರೆದದ್ದು ಸೆರೆಯಲ್ಲಿದ್ದುಕೊಂಡು, ಹಸಿವೆಯನ್ನೂ ತೃಪ್ತಿಯನ್ನೂ ಸಮನಾಗಿ ಸಹಿಸಲು ಕಲಿತಿದ್ದೇನೆಂದು ಹೇಳಿದ ಮರುಮಾತಿನಲ್ಲಿ. ಫೇಲಾದ ಹುಡುಗನಿಗೇ ಅದು ಹೆಚ್ಚು ಸಲ್ಲುವ ವಚನ.

ಚೀಟಿ ಎತ್ತುವ ಪದ್ಧತಿಯ ಕುರಿತು ಒಂದು ಮಾತು ಹೇಳಬೇಕು. ಇದು ಇಂದಿನದಲ್ಲ. ಜರ್ಮನಿಯ ಹೆರ್ನ್‌ಹುಟ್ ಎಂಬ ಊರಿನ ಮೊರಾವಿಯನ್ ಎಂಬ ಪ್ರೊಟೆಸ್ಟೆಂಟ್ ಸಭೆಯವರು 1728ರಲ್ಲಿ ದಿನಕ್ಕೊಂದು ವಚನವನ್ನು ಮನೆಮನೆಗೆ ತಿಳಿಸಲು ಆರಂಭಿಸಿ, 1731ರಿಂದ ಅದನ್ನು ಪುಸ್ತಕವಾಗಿ ಅಚ್ಚು ಹಾಕುತ್ತ ಬಂದಿದ್ದಾರೆ. ಹಳೆಯ ಒಡಂಬಡಿಕೆಯ ವಚನಗಳನ್ನು ಅವರು ಇಂದಿಗೂ ಚೀಟಿ ಎತ್ತಿಯೇ ಆರಿಸುತ್ತಾರೆ. ಅದಕ್ಕೂ ಬಹಳ ಹಿಂದೆ, 386ರಲ್ಲಿ, ಮಿಲಾನಿನ ತೋಟವೊಂದರಲ್ಲಿ, ಮುಂದೆ ಸಭೆಯ ಹೆಸರಾಂತ ಬೋಧಕನಾದ ಅಗಸ್ಟೀನನು ಪೌಲನ ಪತ್ರಿಕೆಗಳನ್ನು ತೆರೆದಾಗ ಕಣ್ಣಿಗೆ ಬಿದ್ದ ರೋಮಾಪುರದವರಿಗೆ 13:13-14 ಅವನ ಬದುಕನ್ನೇ ತಿರುಗಿಸಿತು. ಅದೇ ಅಗಸ್ಟೀನನು ಮುಂದೆ ಬರೆದ ಪತ್ರವೊಂದರಲ್ಲಿ, ಲೌಕಿಕ ವ್ಯವಹಾರಗಳಿಗಾಗಿ ಸುವಾರ್ತೆಯ ಪುಟಗಳಿಂದ ಶಕುನ ನೋಡುವ ಪದ್ಧತಿ ತನಗೆ ಹಿಡಿಸದೆಂದು ಹೇಳಿದನು. 506ರಲ್ಲಿ ಗಾಲ್ ದೇಶದ, ಅಂದರೆ ಇಂದಿನ ಫ್ರಾನ್ಸಿನ, ಆಗ್ದ್ ಎಂಬಲ್ಲಿ ಕೂಡಿದ ಧರ್ಮಸಭೆ ಇಂಥ ಶಕುನವನ್ನು ನಿಷೇಧಿಸಿತು. ತೋಟದಲ್ಲಿ ಅಗಸ್ಟೀನನಿಗೆ ಸಿಕ್ಕ ವಚನ ಭವಿಷ್ಯ ಹೇಳಲಿಲ್ಲ, ದುಂದೌತಣ ಕುಡಿತಗಳನ್ನು ಬಿಟ್ಟು ಕ್ರಿಸ್ತನನ್ನು ಧರಿಸಿಕೋ ಎಂದಿತು ಎಂಬುದನ್ನು ನೆನೆದರೆ ಎರಡೂ ಮಾತು ಹೊಂದಿಕೊಳ್ಳುತ್ತವೆ. ನನ್ನ ಅಭಿಪ್ರಾಯದಲ್ಲಿ ಚೀಟಿಯನ್ನು ಬಿಡಬೇಕಾಗಿಲ್ಲ. ಅದನ್ನು ಎತ್ತಿಕೊಂಡ ವಾರದಲ್ಲೇ ಇಡೀ ಅಧ್ಯಾಯವನ್ನು, ಸಾಧ್ಯವಾದರೆ ಅದರ ಹಿಂದುಮುಂದಿನ ಅಧ್ಯಾಯಗಳನ್ನೂ ಓದುವ ನೇಮವನ್ನು ಸಭಾಪಾಲಕರು ಹಾಕಿಕೊಟ್ಟರೆ ಸಾಕು.

ವಾಗ್ದಾನವೆಂದು ನಾವು ಎಣಿಸುವ ಕೆಲವು ವಚನಗಳು ವಾಗ್ದಾನಗಳೇ ಅಲ್ಲ. ಹುಡುಗನನ್ನು ಸರಿಯಾದ ದಾರಿಯಲ್ಲಿ ಬೆಳೆಸಿದರೆ ಮುಪ್ಪಿನಲ್ಲಿಯೂ ಅದನ್ನು ಬಿಡನೆಂದು ಜ್ಞಾನೋಕ್ತಿ 22:6 ಹೇಳುತ್ತದೆ. ಮಗ ದಾರಿ ತಪ್ಪಿದ ಮನೆಯಲ್ಲಿ ಆ ಮಾತು ತಂದೆತಾಯಿಗಳ ಮೇಲೆ ಹೊರಿಸಿದ ಅಪರಾಧವಾಗಿ ಕೇಳಿಸುತ್ತದೆ. ಜ್ಞಾನೋಕ್ತಿಗಳು ಲೋಕದಲ್ಲಿ ಸಾಮಾನ್ಯವಾಗಿ ನಡೆಯುವುದನ್ನು ಕಂಡು ಹೇಳಿದ ಮಾತುಗಳು. ಮೂಢನಿಗೆ ಅವನ ಮೂರ್ಖತನಕ್ಕೆ ತಕ್ಕಂತೆ ಉತ್ತರ ಕೊಡಬೇಡ ಎಂದು 26:4 ಹೇಳಿದರೆ, ಕೊಡು ಎಂದು 26:5 ಹೇಳುತ್ತದೆ. ಯಾವುದು ಯಾವಾಗ ಎಂದು ತಿಳಿಯುವುದೇ ಜ್ಞಾನವೆಂದು ಆ ಗ್ರಂಥದ ಭಾವನೆ.

ವಚನವನ್ನು ನಾವು ನಮಗೆ ಅನ್ವಯಿಸಿಕೊಳ್ಳುವುದಕ್ಕಿಂತ ಇನ್ನೊಬ್ಬರಿಗೆ ಅನ್ವಯಿಸುವಾಗ ಹಾನಿ ಹೆಚ್ಚು. ಕೆಲಸವಿಲ್ಲದ ನಿಮಗೆ, ನಂಬಿಕೆಯಿದ್ದಿದ್ದರೆ ಸಿಗುತ್ತಿತ್ತು ಎಂದು ಯಾರಾದರೂ ಹೇಳಿದ್ದರೆ ಯೋಬನ ಗ್ರಂಥವನ್ನು ಓದಿಕೊಳ್ಳಿ. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಸ್ನೇಹಿತರು ಏಳು ದಿನ ಅವನ ಬಳಿ ಮಾತಿಲ್ಲದೆ ಕುಳಿತಿದ್ದರು, ಅಲ್ಲಿಯವರೆಗೆ ಅವರಿಂದ ತಪ್ಪಾಗಲಿಲ್ಲ. ಬಾಯಿ ತೆರೆದ ಮೇಲೆ ಅವರಲ್ಲೊಬ್ಬನಾದ ಎಲೀಫಜನು ಆಡಿದ ಮಾತುಗಳಲ್ಲಿ ಒಂದನ್ನು, ದೇವರು ಜ್ಞಾನಿಗಳನ್ನು ಅವರ ತಂತ್ರಗಳಲ್ಲಿಯೇ ಹಿಡಿಯುವನೆಂಬುದನ್ನು, ಪೌಲನು 1 ಕೊರಿಂಥ 3:19ರಲ್ಲಿ ಶಾಸ್ತ್ರವಾಕ್ಯವೆಂದು ಉದ್ಧರಿಸುತ್ತಾನೆ. ಹಾಗಿದ್ದರೂ ಗ್ರಂಥದ ಕೊನೆಯಲ್ಲಿ, ನೀವು ನನ್ನ ವಿಷಯದಲ್ಲಿ ಸರಿಯಾದದ್ದನ್ನು ಆಡಲಿಲ್ಲವೆಂದು ದೇವರು ಕೋಪಗೊಂಡದ್ದು ಇದೇ ಎಲೀಫಜನ ಮೇಲೆ. ಕೊರಿಂಥದ ಅಹಂಕಾರಿಗಳಿಗೆ ಸಲ್ಲುವ ಮಾತನ್ನು ಅವನು ಬೂದಿಯಲ್ಲಿ ಕುಳಿತವನಿಗೆ ಹೇಳಿದನು. ಸಭೆಯಲ್ಲಿ ನಿಮ್ಮಂತೆಯೇ ಕಾಯುತ್ತಿರುವ ಇನ್ನೊಬ್ಬರಿದ್ದರೆ, ಅವರಿಗೆ ವಾಟ್ಸ್‌ಆಪ್‌ನಲ್ಲಿ ವಚನ ಕಳುಹಿಸುವ ಬದಲು ಒಂದು ಸಂಜೆ ಜೊತೆಗೆ ಕುಳಿತು 13ನೆಯ ಕೀರ್ತನೆಯನ್ನು ಓದಿರಿ. ಇನ್ನೆಷ್ಟು ಕಾಲ ಎಂದು ದೇವರನ್ನೇ ಕೇಳುವ ಪ್ರಾರ್ಥನೆ ಅದರ ಮೊದಲ ಸಾಲಿನಲ್ಲಿಯೇ ಇದೆ.